ಫಾರ್ಮ್ ತುಂಬುವ ಮೊದಲು

ಡೊಂಬಿವಲಿಯಲ್ಲಿ ಲೆಕ್ಕಪತ್ರ ಬರೆಯುವುದು, ತೆರಿಗೆ ರಿಟರ್ನ್ ಸಲ್ಲಿಸುವುದು ನನ್ನ ಕಸುಬು. ಅಭ್ಯರ್ಥಿಯೊಬ್ಬರ ಖರ್ಚಿನ ಪುಸ್ತಕ ನೋಡಿಕೊಳ್ಳಿ ಎಂದು ಮೊದಲು ಕರೆ ಬಂದದ್ದು 2009ರಲ್ಲಿ. ಕ್ಷೇತ್ರಗಳ ಮರುವಿಂಗಡಣೆಯಾಗಿ ಡೊಂಬಿವಲಿ, ಕಲ್ಯಾಣ್ ಗ್ರಾಮೀಣ, ಐರೋಲಿಯಂಥ ಹೊಸ ಕ್ಷೇತ್ರಗಳು ಮೊದಲ ಬಾರಿ ತಮ್ಮ ಶಾಸಕರನ್ನು ಆರಿಸಿದ ವರ್ಷ ಅದು. ಖರ್ಚಿನ ಪುಸ್ತಕದಿಂದ ಶುರುವಾದದ್ದು ಚುನಾವಣಾ ಏಜೆಂಟನ ಕೆಲಸದವರೆಗೆ ಬಂತು. ಪಕ್ಷದ ಟಿಕೆಟ್ ಇದ್ದವರಿಗೂ ಪಕ್ಷೇತರರಿಗೂ ಈ ಕೆಲಸ ಮಾಡಿದ್ದೇನೆ. ಅವರ ಹೆಸರು ಇಲ್ಲಿ ಬರುವುದಿಲ್ಲ. ಬೇರೆಯವರ ಲೆಕ್ಕ ಬರೆಯುವವನು ಅಷ್ಟು ನಿಯಮ ಪಾಲಿಸಲೇಬೇಕು.

2026ರ ಜನವರಿ 15ರಂದು ಠಾಣೆ, ಕಲ್ಯಾಣ್-ಡೊಂಬಿವಲಿ, ನವಿಮುಂಬಯಿ ಮೂರೂ ಪಾಲಿಕೆಗಳಿಗೆ ಮತದಾನ ಆದ ಮೇಲೆ ಇಲ್ಲಿನ ಕನ್ನಡಿಗರಾದ ನಮ್ಮ ಹುಡುಗ ಹುಡುಗಿಯರು ಒಂದು ಪ್ರಶ್ನೆ ಕೇಳುತ್ತಿದ್ದಾರೆ: ಮುಂದಿನ ಬಾರಿ ವಿಧಾನಸಭೆಗೆ ನಾವೇಕೆ ನಿಲ್ಲಬಾರದು? ನಿಲ್ಲಬೇಕು ಎಂದೇ ನನ್ನ ಉತ್ತರ. ಅಂಧೇರಿಯಿಂದ ಸುರೇಶ್ ಶೆಟ್ಟಿ, ಬೋರಿವಲಿಯಿಂದ ಗೋಪಾಲ ಶೆಟ್ಟಿ, ವಿಲೇ ಪಾರ್ಲೆಯಿಂದ ಕೃಷ್ಣ ಹೆಗ್ಡೆ ಮಹಾರಾಷ್ಟ್ರದ ವಿಧಾನಸಭೆಗೆ ಹೋದವರೇ. ಠಾಣೆ ಜಿಲ್ಲೆಯಲ್ಲಿ 18 ಕ್ಷೇತ್ರಗಳಿವೆ, 2029 ದೂರವಿಲ್ಲ. ನಿಲ್ಲಬೇಕೆಂದಿರುವವರು ಈಗಿನಿಂದಲೇ ತಿಳಿದಿರಬೇಕಾದದ್ದನ್ನು ಬರೆದಿಡುತ್ತಿದ್ದೇನೆ.

1. ಪಟ್ಟಿ ಮೊದಲು, ಸಭೆ ಆಮೇಲೆ

ಕನ್ನಡಿಗ ಅಭ್ಯರ್ಥಿ ಮಾತು ಶುರು ಮಾಡುವುದೇ ಒಂದು ಸಂಖ್ಯೆಯಿಂದ. ಈ ಕ್ಷೇತ್ರದಲ್ಲಿ ನಮ್ಮವರು ಇಷ್ಟು ಸಾವಿರ ಇದ್ದಾರೆ ಎನ್ನುತ್ತಾರೆ. ಆ ಸಂಖ್ಯೆ ಸಂಘದ ಸದಸ್ಯರ ಪುಸ್ತಕದಿಂದ ಬಂದಿರುತ್ತದೆ, ಯಕ್ಷಗಾನಕ್ಕೆ ತುಂಬಿದ ಸಭಾಂಗಣದಿಂದ ಬಂದಿರುತ್ತದೆ, ಜಾತಿ ಸಂಘದ ಡೈರೆಕ್ಟರಿಯಿಂದ ಬಂದಿರುತ್ತದೆ. ಮತದಾರರ ಪಟ್ಟಿಯಿಂದ ಬಂದಿರುವುದಿಲ್ಲ.

ಪಟ್ಟಿ ತೆರೆದರೆ ಚಿತ್ರ ಬೇರೆ. ಕಲ್ಯಾಣ್ ಸ್ಟೇಷನ್ನಿನ ಪಕ್ಕದ ಹೋಟೆಲಿನ ಅಟ್ಟದ ಮೇಲೆ ಮಲಗುವ ಹುಡುಗನ ಹೆಸರು ಕುಂದಾಪುರದ ಪಟ್ಟಿಯಲ್ಲಿದೆ. ತುರ್ಭೆ, ದಿಘಾ, ಕಳವಾದ ವಸ್ತಿಗಳಲ್ಲಿರುವ ವಿಜಯಪುರ, ಕಲಬುರಗಿ, ಯಾದಗಿರಿಯ ಕಟ್ಟಡ ಕೆಲಸಗಾರರ ಹೆಸರು ಅವರವರ ಹಳ್ಳಿ, ತಾಂಡಾಗಳಲ್ಲಿದೆ. ಗ್ರಾಮ ಪಂಚಾಯಿತಿ ಚುನಾವಣೆಗೆ ಅವರು ಬಸ್ಸು ಮಾಡಿಕೊಂಡು ಹೋಗುತ್ತಾರೆ. ಬ್ಯಾಂಕಿನಿಂದ ನಿವೃತ್ತರಾಗಿ ಡೊಂಬಿವಲಿಗೆ ಬಂದವರ ಹೆಸರು ಇನ್ನೂ ಮಾಟುಂಗಾ, ಮುಲುಂಡಿನಲ್ಲಿ ಕೂತಿದೆ. ಬಾಡಿಗೆಗಿರುವ ಕುಟುಂಬಗಳ ಕರಾರು ಸಾಮಾನ್ಯವಾಗಿ ಹನ್ನೊಂದು ತಿಂಗಳದ್ದು. ಕರಾರು ಮುಗಿದು ಮನೆ ಬದಲಾಗುತ್ತದೆ, ಪಟ್ಟಿಯಲ್ಲಿ ಹೆಸರು ಹಳೆಯ ವಿಳಾಸದಲ್ಲೇ ಉಳಿಯುತ್ತದೆ. ಹೀಗೆ ಸಾವಿರಗಳು ಕರಗಿ ನೂರುಗಳಾಗುತ್ತವೆ.

ಇದಕ್ಕೆ ಮದ್ದು ಇದೆ, ಆದರೆ ಅದು ಚುನಾವಣೆಯ ತಿಂಗಳಲ್ಲಿ ಕೊಡುವ ಮದ್ದಲ್ಲ. ಹೊಸ ಹೆಸರಿಗೆ ಫಾರ್ಮ್ 6, ವಿಳಾಸ ಬದಲಾವಣೆ ಮತ್ತು ತಿದ್ದುಪಡಿಗೆ ಫಾರ್ಮ್ 8. ಈಗ ಅರ್ಹತಾ ದಿನಾಂಕ ವರ್ಷಕ್ಕೆ ನಾಲ್ಕು: ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳ ಒಂದನೇ ತಾರೀಕು. ಆದರೆ ನಾಮಪತ್ರ ಸಲ್ಲಿಕೆಯ ಕೊನೆಯ ದಿನ ದಾಟಿತೆಂದರೆ ಆ ಚುನಾವಣೆಗೆ ಒಂದು ಹೆಸರೂ ಸೇರುವುದಿಲ್ಲ, ಒಂದೂ ಹೋಗುವುದಿಲ್ಲ. ಅರ್ಜಿ ಪರಿಶೀಲನೆಗೆ ದಿನಗಳು ಬೇಕಾಗುವುದರಿಂದ ನಿಜವಾದ ಗಡುವು ಅದಕ್ಕೂ ಮೊದಲೇ ಬರುತ್ತದೆ. ಎರಡು ಕಡೆ ಹೆಸರಿಟ್ಟುಕೊಳ್ಳಲು ಕಾನೂನಿನಲ್ಲಿ ಎಡೆಯಿಲ್ಲ, ಸುಳ್ಳು ಘೋಷಣೆ ಕೊಟ್ಟರೆ ಶಿಕ್ಷೆಯಿದೆ. ಊರಿನ ಹೆಸರನ್ನು ಬಿಟ್ಟು ಬನ್ನಿ ಎಂದು ಹೋಟೆಲ್ ಹುಡುಗನನ್ನು ಒತ್ತಾಯಿಸಬೇಡಿ. ಅವನು ಎಲ್ಲಿ ನೆಲೆಸಿದ್ದಾನೆ ಎಂದು ಕೇಳಿ, ಇಲ್ಲೇ ಎಂದರೆ ಫಾರ್ಮ್ ತುಂಬಲು ನೆರವಾಗಿ.

ನಮ್ಮವರ ಹೆಸರು ಹುಡುಕುವುದೇ ಒಂದು ಕಷ್ಟ. ಮಹಾರಾಷ್ಟ್ರದಲ್ಲಿ ಸ್ವಂತ ಹೆಸರು, ತಂದೆ ಅಥವಾ ಗಂಡನ ಹೆಸರು, ಅಡ್ಡಹೆಸರು ಎಂಬ ಕ್ರಮ. ನಮ್ಮಲ್ಲಿ ಇನಿಶಿಯಲ್ಲಿನ ಹಿಂದೆ ಊರೂ ಮನೆತನವೂ ಅಡಗಿರುತ್ತವೆ. ದೇವನಾಗರಿಯಲ್ಲಿ ಬರೆಯುವಾಗ ಯಾವುದು ಅಡ್ಡಹೆಸರು ಎಂದು ಬರೆಯುವವರಿಗೆ ತಿಳಿಯದೆ ಅಕ್ಷರ ಆಚೀಚೆಯಾಗುತ್ತದೆ. ಮತದಾನದ ಬೆಳಿಗ್ಗೆ ಫೋನಿನಲ್ಲಿ ಹುಡುಕಿ, ಹೆಸರೇ ಇಲ್ಲವೆಂದು ವಾಪಸು ಹೋಗುವ ಹಿರಿಯರಲ್ಲಿ ಎಷ್ಟೋ ಮಂದಿಯ ಹೆಸರು ಪಟ್ಟಿಯಲ್ಲಿ ಇದ್ದೇ ಇರುತ್ತದೆ, ಬೇರೆ ರೂಪದಲ್ಲಿ. ವೋಟರ್ ಕಾರ್ಡಿನ ನಂಬರು ಹಾಕಿ ಹುಡುಕಿದರೆ ಸಿಗುತ್ತದೆ. ಇದನ್ನು ಒಂದು ವರ್ಷ ಮೊದಲೇ ಮನೆಮನೆಗೆ ಕೂತು ಮಾಡಿಕೊಡಬೇಕು.

ಮಾಡುವಾಗ ಕನ್ನಡದ ಮನೆಗಳಿಗೆ ಮಾತ್ರ ಹೋಗಬೇಡಿ. ಸೊಸಾಯಿಟಿಯ ಎಲ್ಲ ಬಾಗಿಲುಗಳನ್ನೂ ತಟ್ಟಿ. ಮೂರನೇ ಮಹಡಿಯ ಮರಾಠಿ ಕಾಕೂ, ಪಕ್ಕದ ಗುಜರಾತಿ ಅಂಗಡಿಯವರು, ಕೆಳಗಿನ ಮನೆಯ ಮಲಯಾಳಿ ನರ್ಸ್ ಎಲ್ಲರ ಫಾರ್ಮನ್ನೂ ನೀವೇ ತುಂಬಿಸಿ ಬೂತ್ ಮಟ್ಟದ ಅಧಿಕಾರಿಗೆ ತಲುಪಿಸಿದಿರಿ ಎಂದರೆ ನೀವು ಅಭ್ಯರ್ಥಿಯಾಗುವ ಮೊದಲೇ ಆ ಕಟ್ಟಡಕ್ಕೆ ಬೇಕಾದವರಾಗಿರುತ್ತೀರಿ. ಇಡೀ ಲೇಖನದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ನೆನಪಿಟ್ಟುಕೊಳ್ಳಿ.

2. ಗಡಿಯನ್ನು ಕಾಲಿನಲ್ಲಿ ನಡೆದು ನೋಡಿ

ಪಲಾವಾದಲ್ಲಿ ಮನೆ ಮಾಡಿದವರು ಡೊಂಬಿವಲಿಯವರೆಂದೇ ಹೇಳಿಕೊಳ್ಳುತ್ತಾರೆ. ಅವರ ಮತ ಕಲ್ಯಾಣ್ ಗ್ರಾಮೀಣದ್ದು. ದಿವಾ ಠಾಣೆ ಪಾಲಿಕೆಗೆ ಸೇರಿದರೂ ಮತ ಅದೇ ಕಲ್ಯಾಣ್ ಗ್ರಾಮೀಣಕ್ಕೆ. ವಾಶಿ, ನೆರೂಲ್ ಬೇಲಾಪುರ ಕ್ಷೇತ್ರ. ಘನ್ಸೋಲಿ, ಕೋಪರ್ ಖೈರಣೆ ಐರೋಲಿ. ಖಾರ್ಘರ್, ಕಾಮೋಠೆಯ ಬಂಧುಗಳು ನವಿಮುಂಬಯಿಯ ಎಲ್ಲ ಕಾರ್ಯಕ್ರಮಗಳಿಗೂ ಬರುತ್ತಾರೆ, ಮತ ಹಾಕುವುದು ಮಾತ್ರ ರಾಯಗಡ ಜಿಲ್ಲೆಯ ಪನ್ವೇಲ್ ಕ್ಷೇತ್ರಕ್ಕೆ. ಠಾಣೆ ಸ್ಟೇಷನ್ನಿನ ಪೂರ್ವದ ಕೋಪರಿ ಒಂದು ಕ್ಷೇತ್ರ, ಘೋಡ್‌ಬಂದರ್ ರಸ್ತೆ ಇನ್ನೊಂದು. ಸಂಘದ ಸಭಾಂಗಣದಲ್ಲಿ ನಿಮಗೆ ಚಪ್ಪಾಳೆ ತಟ್ಟಿದವರಲ್ಲಿ ಎಷ್ಟು ಮಂದಿ ನಿಮಗೆ ಮತ ಹಾಕಲು ಸಾಧ್ಯ ಎಂದು ಬೂತ್ ಸಂಖ್ಯೆ ಕೇಳಿ ಬರೆದುಕೊಳ್ಳಿ. ಅಕ್ಕಲಕೋಟೆ, ಜತ್ತದಂತೆ ಕನ್ನಡ ಮಾತಾಡುವ ಹಳ್ಳಿಗಳ ಸಾಲು ನಮ್ಮಲ್ಲಿಲ್ಲ. ನಾವಿರುವುದು ಕಟ್ಟಡಕ್ಕೆ ಎರಡು ಮನೆ, ಗಲ್ಲಿಗೆ ಒಂದು ಹೋಟೆಲು.

3. ಕನ್ನಡಿಗನೆಂದು ಮತ ಕೇಳಬೇಡಿ

ಇದು ಬರೀ ಸಲಹೆಯಲ್ಲ, ಕಾನೂನು. 1951ರ ಜನಪ್ರಾತಿನಿಧ್ಯ ಕಾಯ್ದೆಯ 123(3)ನೇ ಕಲಮಿನ ಪ್ರಕಾರ ಧರ್ಮ, ಜನಾಂಗ, ಜಾತಿ, ಸಮುದಾಯ ಅಥವಾ ಭಾಷೆಯ ಹೆಸರಿನಲ್ಲಿ ಮತ ಕೇಳುವುದು ಭ್ರಷ್ಟ ಆಚರಣೆ. ಭಾಷೆ ಎಂಬ ಪದ ಕಾಯ್ದೆಯಲ್ಲೇ ಇದೆ. ನಮ್ಮ ಸಭೆಗಳಲ್ಲಿ ಅದನ್ನು ಓದಿದವರು ಕಡಿಮೆ.

ಈ ಕಲಮಿನ ದೊಡ್ಡ ಮೊಕದ್ದಮೆಗಳು ಹುಟ್ಟಿದ್ದೂ ನಮ್ಮ ಪಕ್ಕದ ಮುಂಬಯಿಯಲ್ಲೇ. 1987ರ ವಿಲೇ ಪಾರ್ಲೆ ಉಪಚುನಾವಣೆಯಲ್ಲಿ ಗೆದ್ದ ಡಾ. ರಮೇಶ್ ಪ್ರಭು ಅವರ ಆಯ್ಕೆ ಧರ್ಮದ ಹೆಸರಿನಲ್ಲಿ ಮತ ಕೇಳಿದ್ದಕ್ಕಾಗಿ ರದ್ದಾಯಿತು, 1995ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿಯಿತು. ಆ ಪ್ರಚಾರದ ಭಾಷಣಗಳಿಗಾಗಿ ಬಾಳ್ ಠಾಕ್ರೆಯವರು ಆರು ವರ್ಷ ಮತದಾನದ ಹಕ್ಕನ್ನೇ ಕಳೆದುಕೊಂಡರು. 1990ರ ಸಾಂತಾಕ್ರೂಜ್ ಚುನಾವಣೆಯಿಂದ ಎದ್ದ ಅಭಿರಾಂ ಸಿಂಗ್ ಮೊಕದ್ದಮೆಯಲ್ಲಿ 2017ರ ಜನವರಿ 2ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ನಾಲ್ಕು-ಮೂರು ಬಹುಮತದಿಂದ ತೀರ್ಪು ಕೊಟ್ಟಿತು. ಅದರಂತೆ ಅಭ್ಯರ್ಥಿಯ ಭಾಷೆಯಷ್ಟೇ ಅಲ್ಲ, ಮತದಾರನ ಭಾಷೆಯ ಹೆಸರು ಹಿಡಿದು ಕೇಳಿದರೂ ತಪ್ಪೇ. ಅಂದರೆ ‘ನಾನು ಕನ್ನಡಿಗ, ಮತ ಕೊಡಿ’ ಎನ್ನುವಂತಿಲ್ಲ. ‘ನೀವು ಕನ್ನಡಿಗರು, ಆದ್ದರಿಂದ ನನಗೆ ಕೊಡಿ’ ಎನ್ನುವಂತೆಯೂ ಇಲ್ಲ.

ಹಾಗೆಂದು ಕನ್ನಡದ ಬಗ್ಗೆ ಬಾಯಿ ಮುಚ್ಚಬೇಕಾಗಿಲ್ಲ. ಭಾಷೆಯನ್ನು ಉಳಿಸುವೆನೆಂದು ಹೇಳುವುದು ಭ್ರಷ್ಟ ಆಚರಣೆಯಲ್ಲ ಎಂದು ಅದೇ ಕೋರ್ಟು 1964ರಲ್ಲಿ ಜಗದೇವ್ ಸಿಂಗ್ ಸಿದ್ಧಾಂತಿ ಮೊಕದ್ದಮೆಯಲ್ಲಿ ಹೇಳಿದೆ. ಡೊಂಬಿವಲಿಯ ಕರ್ನಾಟಕ ಸಂಘ ಮಂಜುನಾಥ ವಿದ್ಯಾಲಯವನ್ನು ನಡೆಸುತ್ತದೆ, ಠಾಣೆಯಲ್ಲಿ ನವೋದಯ ಕನ್ನಡ ಸೇವಾ ಸಂಘವಿದೆ, ವಾಶಿಯಲ್ಲಿ ನವಿಮುಂಬಯಿ ಕನ್ನಡ ಸಂಘವಿದೆ. ಭಾಷಿಕ ಅಲ್ಪಸಂಖ್ಯಾತರ ಶಾಲೆಗಳ ಅನುದಾನ, ಶಿಕ್ಷಕರ ನೇಮಕ ರಾಜ್ಯ ಸರ್ಕಾರದ ಕೈಯಲ್ಲಿರುವ ವಿಷಯಗಳು, ಶಾಸಕ ಕೇಳಲೇಬೇಕಾದವು. ಅವನ್ನು ಕೆಲಸವೆಂದು ಮಾತಾಡಿ. ಹುಟ್ಟಿನ ಸಂಬಂಧವೆಂದು ಮಾತಾಡಬೇಡಿ.

ದೇವಸ್ಥಾನದ ಸಭಾಂಗಣದಲ್ಲಿ ಪ್ರಚಾರ ಸಭೆ ಬೇಡ, ಪೂಜಾಸ್ಥಳವನ್ನು ಪ್ರಚಾರಕ್ಕೆ ಬಳಸುವುದು ನೀತಿಸಂಹಿತೆಗೆ ವಿರುದ್ಧ. ಕನ್ನಡದಲ್ಲಿ ಕರಪತ್ರ ಅಚ್ಚು ಹಾಕಿಸಲು ಅಡ್ಡಿಯಿಲ್ಲ, ಆದರೆ ಕೆಳಗೆ ಮುದ್ರಕರ ಮತ್ತು ಪ್ರಕಾಶಕರ ಹೆಸರು ವಿಳಾಸ ಇರಲೇಬೇಕು. ವಾಟ್ಸಾಪಿನಲ್ಲಿ ‘ನಮ್ಮವರಿಗೇ ಮತ’ ಎಂದು ಉತ್ಸಾಹದಿಂದ ಕಳಿಸುವ ಹಿತೈಷಿಗಳನ್ನು ಅಭ್ಯರ್ಥಿಯೇ ಖುದ್ದಾಗಿ ಫೋನು ಮಾಡಿ ತಡೆಯಬೇಕು. ಅವರ ಪ್ರೀತಿಗೆ ಬೆಲೆ ತೆರಬೇಕಾದವರು ಗೆದ್ದ ಅಭ್ಯರ್ಥಿ. ಫಲಿತಾಂಶದ ನಲವತ್ತೈದು ದಿನಗಳೊಳಗೆ ಹೈಕೋರ್ಟಿನಲ್ಲಿ ತಕರಾರು ಅರ್ಜಿ ಬೀಳಬಹುದು.

4. ಮರಾಠಿಯಲ್ಲಿ ಯೋಚಿಸಿ ಉತ್ತರಿಸುವಷ್ಟು ಮರಾಠಿ ಇರಲಿ

ಭಾಷಣಕ್ಕೆ ಬರೆದುಕೊಂಡ ಮರಾಠಿ ಸಾಲದು. ಆಗರಿ-ಕೋಳಿಗಳ ಗಾವಠಾಣದಲ್ಲಿ ಹಿರಿಯರೊಬ್ಬರು ಸ್ವಾಧೀನವಾದ ಜಮೀನಿಗೆ ಬದಲಾಗಿ ವಾಪಸು ಬರಬೇಕಾದ ಹನ್ನೆರಡೂವರೆ ಶೇಕಡಾ ಭೂಮಿಯ ವಿಷಯ ಎತ್ತಿದರೆ, ಆ ಭೂಮಿಯ ಹೋರಾಟಗಾರರ ಮೇಲೆ ನಡೆದ 1984ರ ಜಾಸಯಿ ಗೋಲಿಬಾರ್ ನೆನಪಿಸಿದರೆ, ಹೋರಾಟದ ಮುಂದಾಳು ದಿ. ಬಾ. ಪಾಟೀಲರು ಎಂಥವರು, ನವಿಮುಂಬಯಿಯ ಸರ್ಕಾರಿ ನಿಗಮ ಸಿಡ್ಕೋ 1970ರಿಂದ ಯಾರ ಭೂಮಿಯ ಮೇಲೆ ಊರು ಕಟ್ಟಿತು ಎಂಬುದು ನಿಮ್ಮ ಹೃದಯಕ್ಕೆ ಗೊತ್ತಿರಬೇಕು. ನಾವು ಬಾಳು ಕಟ್ಟಿಕೊಂಡ ಫ್ಲ್ಯಾಟಿನ ಕೆಳಗೆ ಅವರ ಗದ್ದೆಯಿತ್ತು, ಉಪ್ಪಿನ ಆಗರವಿತ್ತು. ಅದನ್ನು ಒಪ್ಪಿಕೊಂಡು ಮಾತಾಡುವವನನ್ನು ಅವರು ಹೊರಗಿನವನೆಂದು ತಳ್ಳುವುದಿಲ್ಲ. ಇದು ನಾನು ಮತ್ತೆ ಮತ್ತೆ ಕಂಡ ಸತ್ಯ.

5. ಅರ್ಹತೆಯ ಗುಂಡಿಗಳು

ವಿಧಾನಸಭೆಗೆ ನಿಲ್ಲಲು ವಯಸ್ಸು 25 ತುಂಬಿರಬೇಕು, ಮಹಾರಾಷ್ಟ್ರದ ಯಾವುದಾದರೂ ಕ್ಷೇತ್ರದ ಮತದಾರರಾಗಿರಬೇಕು. ನಿಲ್ಲುವ ಕ್ಷೇತ್ರದಲ್ಲೇ ಹೆಸರಿರಬೇಕೆಂದಿಲ್ಲ, ಬೇರೆಡೆ ಇದ್ದರೆ ಪಟ್ಟಿಯ ದೃಢೀಕೃತ ಪ್ರತಿ ಲಗತ್ತಿಸಬೇಕು. ಹೆಸರು ಕರ್ನಾಟಕದಲ್ಲೇ ಉಳಿದಿದ್ದರೆ ಕಥೆ ಅಲ್ಲಿಗೇ ಮುಗಿಯಿತು.

ಮೀಸಲು ಕ್ಷೇತ್ರದ ವಿಷಯದಲ್ಲಿ ನಮ್ಮವರಿಗೆ ಆಗುವ ಆಘಾತ ದೊಡ್ಡದು. ಕರ್ನಾಟಕದಲ್ಲಿ ಲಂಬಾಣಿಗಳು ಪರಿಶಿಷ್ಟ ಜಾತಿ. ಮಹಾರಾಷ್ಟ್ರದಲ್ಲಿ ಬಂಜಾರರು ವಿಮುಕ್ತ ಜಾತಿಗಳ ಪಟ್ಟಿಯಲ್ಲಿದ್ದಾರೆ. ಹಾಗಾಗಿ ವಿಜಯಪುರದ ಜಾತಿ ಪ್ರಮಾಣಪತ್ರ ಹಿಡಿದು ಅಂಬರನಾಥದ ಪರಿಶಿಷ್ಟ ಜಾತಿ ಮೀಸಲು ಕ್ಷೇತ್ರದಿಂದ ನಿಲ್ಲಲಾಗದು. ಠೇವಣಿಯ ರಿಯಾಯಿತಿಯನ್ನೂ ನಂಬಿ ಕೂರಬೇಡಿ, ಸಾಮಾನ್ಯ ಅಭ್ಯರ್ಥಿಯ 10,000 ರೂಪಾಯಿ ಕೈಯಲ್ಲಿರಲಿ. ರಸ್ತೆ, ಕಟ್ಟಡ ಕೆಲಸದಲ್ಲಿ ಬದುಕು ಸವೆಸಿದ ಸಮುದಾಯದ ಒಬ್ಬ ಯುವಕನಿಗೆ ಇದನ್ನು ವಿವರಿಸಿ ಹೇಳುವುದು ನನಗೆ ಕಷ್ಟವಾಗುತ್ತದೆ. ಸಾಮಾನ್ಯ ಕ್ಷೇತ್ರ ಅವನಿಗೂ ತೆರೆದಿದೆ ಎಂದು ಜೊತೆಗೇ ಹೇಳುತ್ತೇನೆ.

ರಾಜ್ಯ ಸರ್ಕಾರದೊಂದಿಗೆ ಸರಕು ಪೂರೈಕೆಯ ಅಥವಾ ಕಾಮಗಾರಿಯ ಗುತ್ತಿಗೆ ಚಾಲ್ತಿಯಲ್ಲಿದ್ದರೆ ಅನರ್ಹತೆ ಬರುತ್ತದೆ. ನಮ್ಮಲ್ಲಿ ಸಣ್ಣ ಗುತ್ತಿಗೆದಾರರು ಬಹಳ. ಮೊದಲೇ ವಕೀಲರಿಗೆ ತೋರಿಸಿ.

ಇನ್ನು ಫಾರ್ಮ್ 26ರ ಪ್ರಮಾಣಪತ್ರ. ನಿಮ್ಮದು, ಸಂಗಾತಿಯದು, ಅವಲಂಬಿತರದು ಎಲ್ಲರ ಆಸ್ತಿ, ಸಾಲ, ಕಳೆದ ಐದು ವರ್ಷಗಳ ರಿಟರ್ನಿನ ಆದಾಯ, ಬಾಕಿ ಮೊಕದ್ದಮೆಗಳು ಅದರಲ್ಲಿ ಬರಬೇಕು. ಊರಿನ ಅವಿಭಕ್ತ ಕುಟುಂಬದ ಜಮೀನನ್ನು ನಮ್ಮವರು ಮರೆಯುತ್ತಾರೆ. ಪಹಣಿಯಲ್ಲಿ ಹೆಸರಿದ್ದರೆ ಬರೆಯಿರಿ. ಒಂದೂ ಕಾಲಂ ಖಾಲಿ ಬಿಡಬೇಡಿ, ಇಲ್ಲದಿದ್ದರೆ ‘ಇಲ್ಲ’ ಎಂದೇ ಬರೆಯಿರಿ. ಖಾಲಿ ಬಿಟ್ಟು, ಅಧಿಕಾರಿ ನೋಟಿಸು ಕೊಟ್ಟ ಮೇಲೂ ತುಂಬದಿದ್ದರೆ ನಾಮಪತ್ರ ತಿರಸ್ಕಾರವಾಗಬಹುದು ಎಂದು 2013ರಿಂದ ಸುಪ್ರೀಂ ಕೋರ್ಟಿನ ತೀರ್ಪೇ ಇದೆ. ಪಕ್ಷೇತರರಿಗೆ ಅದೇ ಕ್ಷೇತ್ರದ ಹತ್ತು ಮಂದಿ ಸೂಚಕರು ಬೇಕು. ಹನ್ನೊಂದನೆಯವರೊಬ್ಬರು ಕೈಲಿದ್ದರೆ ಸಾಲದು. ಹತ್ತು ಮಂದಿಯ ಇನ್ನೊಂದು ಸೆಟ್ಟೇ ಇರಲಿ, ಏಕೆಂದರೆ ನಾಲ್ಕು ನಾಮಪತ್ರಗಳವರೆಗೆ ಸಲ್ಲಿಸಬಹುದು. ಸಲ್ಲಿಸಿದ ಮೇಲೆ ಪ್ರಮಾಣವಚನ ತೆಗೆದುಕೊಳ್ಳಲು ಮರೆಯಬೇಡಿ, ಅದಿಲ್ಲದೆ ಪರಿಶೀಲನೆಯ ದಿನ ಎಲ್ಲವೂ ವ್ಯರ್ಥ.

6. ಪಂಚಾಂಗ ನೋಡಿಯೇ ಹೊರಡಿ

2024ರಲ್ಲಿ ನಾಮಪತ್ರದ ಕೊನೆಯ ದಿನ ಅಕ್ಟೋಬರ್ 29, ಪರಿಶೀಲನೆ 30, ವಾಪಸಾತಿ ನವೆಂಬರ್ 4. ನಡುವೆ ಪೂರಾ ದೀಪಾವಳಿ. ಬ್ಯಾಂಕಿಗೆ ರಜೆ, ಪ್ರೆಸ್ಸಿಗೆ ರಜೆ, ನೋಟರಿ ಊರಿಗೆ ಹೋಗಿದ್ದಾರೆ, ಸೂಚಕರು ಮಂಗಳೂರಿನ ಬಸ್ಸು ಹತ್ತಿದ್ದಾರೆ. ಖರ್ಚಿಗಾಗಿಯೇ ಪ್ರತ್ಯೇಕ ಬ್ಯಾಂಕ್ ಖಾತೆಯನ್ನು ನಾಮಪತ್ರಕ್ಕೆ ಒಂದು ದಿನ ಮೊದಲಾದರೂ ತೆರೆದಿರಬೇಕು. ಪಕ್ಷೇತರರಿಗೆ ಚಿಹ್ನೆ ಸಿಗುವುದೇ ವಾಪಸಾತಿ ಮುಗಿದ ಮೇಲೆ. ನವೆಂಬರ್ 4ರಂದು ಚಿಹ್ನೆ, 18ರ ಸಂಜೆಗೆ ಪ್ರಚಾರ ಬಂದ್, 20ಕ್ಕೆ ಮತದಾನ. ಎರಡು ವಾರದಲ್ಲಿ ಸಿಕ್ಕಿದ್ದು ಎರಡೇ ಭಾನುವಾರ.

ಭಾನುವಾರದ ಮಾತೇಕೆಂದರೆ ಈ ಊರುಗಳಲ್ಲಿ ವಾರದ ದಿನ ಮತದಾರ ಮನೆಯಲ್ಲಿರುವುದಿಲ್ಲ. ಬೆಳಿಗ್ಗೆ ಆರರಿಂದ ಲೋಕಲ್, ರಾತ್ರಿ ಎಂಟೂವರೆಗೆ ವಾಪಸು. ಹತ್ತಕ್ಕೆ ಧ್ವನಿವರ್ಧಕ ನಿಲ್ಲಬೇಕು, ಊಟದ ಹೊತ್ತಿಗೆ ಬೆಲ್ ಒತ್ತಿದರೆ ಯಾರಿಗೂ ಹಿತವಿಲ್ಲ. ಬೆಳಿಗ್ಗೆ ಸ್ಟೇಷನ್ನಿನ ಹೊರಗೆ ನಿಂತು ಕೈಮುಗಿದರೆ ಮುಖಪರಿಚಯವಾಗುತ್ತದೆ, ಮಾತುಕತೆ ಆಗುವುದಿಲ್ಲ. ಮಾತುಕತೆಗೆ ಗಣೇಶೋತ್ಸವದ ಮಂಡಳಿಗಳು, ಡೊಂಬಿವಲಿಯ ಯುಗಾದಿ ಶೋಭಾಯಾತ್ರೆ, ಸೊಸಾಯಿಟಿಯ ವಾರ್ಷಿಕ ಸಭೆಗಳು ಇವೆ. ಅವು ಚುನಾವಣೆಯ ವರ್ಷಕ್ಕೆ ಕಾಯುವುದಿಲ್ಲ, ನೀವೂ ಕಾಯಬೇಡಿ.

7. ಹಣದ ವಿಷಯದಲ್ಲಿ ಸ್ನೇಹಿತರನ್ನೂ ರಸೀದಿ ಕೇಳಿ

ವೆಚ್ಚದ ಮಿತಿ 2022ರಿಂದ 40 ಲಕ್ಷ ರೂಪಾಯಿ. ಒಬ್ಬ ವ್ಯಕ್ತಿಗೆ ಅಥವಾ ಸಂಸ್ಥೆಗೆ ಇಡೀ ಚುನಾವಣೆಯಲ್ಲಿ ನಗದಾಗಿ 10,000ಕ್ಕಿಂತ ಹೆಚ್ಚು ಕೊಡುವಂತಿಲ್ಲ. ಪುಸ್ತಕ ಮೂರು ಭಾಗ: ದಿನದ ಖರ್ಚಿಗೆ ಬಿಳಿ ಹಾಳೆ, ನಗದಿಗೆ ಗುಲಾಬಿ, ಬ್ಯಾಂಕಿಗೆ ಹಳದಿ. ಪ್ರಚಾರದ ನಡುವೆ ಕನಿಷ್ಠ ಮೂರು ಬಾರಿ ಚುನಾವಣಾ ವೆಚ್ಚ ವೀಕ್ಷಕರ ಮುಂದೆ ಇಡಬೇಕು. ಅವರ ಬಳಿ ತಮ್ಮದೇ ನೆರಳು ಪುಸ್ತಕ ಇರುತ್ತದೆ. ವಿಡಿಯೊ ತಂಡ ನಿಮ್ಮ ಸಭೆಯ ಕುರ್ಚಿ ಎಣಿಸಿರುತ್ತದೆ.

ನಮ್ಮ ಸಮುದಾಯದಲ್ಲಿ ತೊಡಕು ಬರುವುದು ಪ್ರೀತಿಯಿಂದ. ಹೋಟೆಲಿನ ಯಜಮಾನರು, "ಕಾರ್ಯಕರ್ತರಿಗೆ ತಿಂಡಿ ನಮ್ಮ ಕಡೆಯಿಂದ ಮಾರಾಯ್ರೆ, ನಮ್ಮವರ ಹತ್ರ ಬಿಲ್ ಕೇಳುದುಂಟಾ?" ಎನ್ನುತ್ತಾರೆ.

"ಬಿಲ್ ಬೇಕೇ ಬೇಕು ಶೆಟ್ರೆ, ಇಲ್ಲದಿದ್ರೆ ನಿಮ್ಮ ಇಡ್ಲಿಯೇ ಅವರನ್ನು ಸಿಕ್ಕಿಸಿ ಹಾಕ್ತದೆ" ಎಂದು ನಾನು ಹೇಳಬೇಕಾಗುತ್ತದೆ.

ಪುಕ್ಕಟೆ ಕೊಟ್ಟ ತಿಂಡಿಯೂ ಖರ್ಚೇ. ಜಿಲ್ಲಾ ಚುನಾವಣಾಧಿಕಾರಿ ಚಹಾ, ವಡಾ ಪಾವ್‌, ಊಟ, ಕುರ್ಚಿ, ಪೆಂಡಾಲು ಎಲ್ಲಕ್ಕೂ ದರಪಟ್ಟಿ ಹೊರಡಿಸುತ್ತಾರೆ, ಆ ದರದಲ್ಲಿ ವಸ್ತುರೂಪದ ದೇಣಿಗೆಯೆಂದು ಬರೆಯಬೇಕು. ಸ್ನೇಹಿತರ ಕಾರಿಗೂ ಹಾಗೆಯೇ. ಅಭ್ಯರ್ಥಿಯ ಅಥವಾ ಕಾರ್ಯಕರ್ತರ ವಾಹನದಲ್ಲಿ 50,000 ರೂಪಾಯಿಗಿಂತ ಹೆಚ್ಚು ನಗದು ಸಿಕ್ಕರೆ ಜಪ್ತಿಯಾಗುತ್ತದೆ. ರಾತ್ರಿ ಗಲ್ಲಾಪೆಟ್ಟಿಗೆಯ ದುಡ್ಡನ್ನು ಮನೆಗೊಯ್ಯುವ ಹೋಟೆಲಿನವರು ಪಕ್ಷದ ಬಾವುಟ ಕಟ್ಟಿದ ಗಾಡಿಯಲ್ಲಿ ಹೋಗಬಾರದೆಂದು ಮೊದಲೇ ತಿಳಿಸಿ.

ಮಿತಿ 40 ಲಕ್ಷ ಎಂದರೆ ಅಷ್ಟು ಬೇಕೆಂದಲ್ಲ. ಮಗಳ ಮದುವೆಗಿಟ್ಟ ದುಡ್ಡು, ಮನೆಯ ಮೇಲಿನ ಸಾಲ ಚುನಾವಣೆಗೆ ಬರಬಾರದು. ಮನೆಯವರ ಒಪ್ಪಿಗೆ ಇಲ್ಲದವರ ಪುಸ್ತಕ ನಾನು ಬರೆಯುವುದಿಲ್ಲ.

8. ಯಾವ ತೊಂದರೆ ಯಾರ ಕೈಯಲ್ಲಿದೆ

2024ರ ನವೆಂಬರಿನಲ್ಲಿ ಈ ಮೂರೂ ಪಾಲಿಕೆಗಳಲ್ಲಿ ಚುನಾಯಿತ ಸದಸ್ಯರೇ ಇರಲಿಲ್ಲ, ಅವಧಿ ಮುಗಿದು ವರ್ಷಗಳಾಗಿದ್ದವು. ವಿಧಾನಸಭೆಯ ಅಭ್ಯರ್ಥಿಯನ್ನು ಜನ ಕೇಳಿದ್ದು ಗಟಾರ, ನಲ್ಲಿ, ಕಸ, ರಸ್ತೆಯ ಹೊಂಡ. ಈಗ ಸದಸ್ಯರಿದ್ದಾರೆ, ಪ್ರಶ್ನೆಗಳು ಬೇರೆಯಾಗುತ್ತವೆ, ಉತ್ತರವೂ ಖಚಿತವಾಗಿರಬೇಕು.

ಲೋಕಲ್ ಗಾಡಿ ಕೇಂದ್ರದ್ದು. 2025ರ ಜೂನ್ 9ರಂದು ಮುಂಬ್ರಾದ ಬಳಿ ತುಂಬಿದ ಲೋಕಲುಗಳ ಬಾಗಿಲಿಂದ ಬಿದ್ದು ಪ್ರಯಾಣಿಕರು ಸತ್ತಾಗ ಈ ಇಡೀ ಪ್ರದೇಶದ ಮನೆಮನೆಯೂ ನಡುಗಿತು. ಬಾಗಿಲಿಗೆ ಜೋತು ಹೋಗುವ ಮಗ, ಗಂಡ, ಮಗಳು ಎಲ್ಲ ಮನೆಗಳಲ್ಲೂ ಇದ್ದಾರೆ. ನಾನು ಗಾಡಿ ಹೆಚ್ಚಿಸುತ್ತೇನೆ ಎಂದು ಶಾಸಕ ಸ್ಥಾನದ ಅಭ್ಯರ್ಥಿ ಮಾತು ಕೊಡಬಾರದು, ಅದು ಅವನ ಕೈಯಲ್ಲಿಲ್ಲ. ಕಚೇರಿಗಳು ಠಾಣೆ, ಕಲ್ಯಾಣಿನಲ್ಲೇ ಬರುವಂಥ ರಾಜ್ಯದ ಯೋಜನೆಗಾಗಿ, ಸ್ಟೇಷನ್ನಿನ ಹೊರಗಿನ ರಸ್ತೆಗಾಗಿ ಅವನು ಹೋರಾಡಬಹುದು.

ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶ ಮಾತ್ರ ನೇರವಾಗಿ ರಾಜ್ಯದ್ದು. 2016ರ ಮೇ 26ರಂದು ಪ್ರೊಬೇಸ್ ಕಾರ್ಖಾನೆ ಸ್ಫೋಟಿಸಿತು, 2024ರ ಮೇ 23ರಂದು ಅಮುದಾನ್ ಕೆಮಿಕಲ್ಸ್. ಎಂಟು ವರ್ಷಗಳ ಅಂತರದಲ್ಲಿ ಅದೇ ಊರು, ಅದೇ ಕಿಟಕಿ ಗಾಜುಗಳು, ಅದೇ ಹುಡುಕಾಟ. ಕಾರ್ಖಾನೆ ಸುರಕ್ಷತಾ ಇಲಾಖೆ, ಮಾಲಿನ್ಯ ನಿಯಂತ್ರಣ ಮಂಡಳಿ, ಎಂಐಡಿಸಿ ಎಲ್ಲವೂ ಶಾಸಕ ಸದನದಲ್ಲಿ ಪ್ರಶ್ನೆ ಕೇಳಬಹುದಾದ ಇಲಾಖೆಗಳು. ಈ ಊರಿನಲ್ಲಿ ಶಾಸಕನಾಗಬೇಕೆಂದಿರುವವನು ತಪಾಸಣೆಯ ವರದಿಗಳನ್ನು ಮಾಹಿತಿ ಹಕ್ಕಿನಲ್ಲಿ ತರಿಸಿ ಓದದಿದ್ದರೆ ಅವನು ನಿಲ್ಲಬಾರದು. ಠಾಣೆಯಲ್ಲಿ ಅದೇ ತೂಕದ ವಿಷಯ ಅನಧಿಕೃತ ಕಟ್ಟಡಗಳದು. 2013ರ ಏಪ್ರಿಲ್ 4ರಂದು ಶೀಳ್‌ಫಾಟಾದ ಲಕ್ಕಿ ಕಾಂಪೌಂಡ್ ಕುಸಿದು 74 ಮಂದಿ ಸತ್ತರು, ಕಟ್ಟುತ್ತಿದ್ದ ಕೂಲಿಗಳು ಅದರೊಳಗೇ ಸಂಸಾರ ಹೂಡಿದ್ದರು. ಕೂಲಿಗೆ ಬಂದವರ ನೋವು ಗೊತ್ತಿರುವ ನಾವು ಇದನ್ನು ಮಾತಾಡದೆ ಯಾರು ಮಾತಾಡಬೇಕು?

9. ಪಕ್ಷವೋ, ಪಕ್ಷೇತರವೋ

ಕಲ್ಯಾಣ್ ಪೂರ್ವದಲ್ಲಿ ಗಣಪತ್ ಗಾಯಕ್ವಾಡ್ 2009 ಮತ್ತು 2014ರಲ್ಲಿ ಪಕ್ಷೇತರರಾಗಿಯೇ ಗೆದ್ದರು. ಅಂದರೆ ಅಸಾಧ್ಯವಲ್ಲ, ಆದರೆ ಅದಕ್ಕೆ ವರ್ಷಗಟ್ಟಲೆ ಕಟ್ಟಿದ ಸ್ವಂತ ಬಲ ಬೇಕು. ಪಕ್ಷದಲ್ಲಿ ದುಡಿದು ಪಾಲಿಕೆಯಿಂದ ಮೇಲೆ ಹೋಗುವುದು ಗೋಪಾಲ ಶೆಟ್ಟಿಯವರು ತುಳಿದ ದಾರಿ. 2024ರಲ್ಲಿ ಅವರೇ ಬೋರಿವಲಿಯಲ್ಲಿ ಪಕ್ಷದ ನಿರ್ಧಾರಕ್ಕೆ ಬೇಸರಗೊಂಡು ಪಕ್ಷೇತರ ನಾಮಪತ್ರ ಸಲ್ಲಿಸಿ ನವೆಂಬರ್ 4ರಂದು ವಾಪಸು ಪಡೆದರು. ಎರಡು ಬಾರಿ ಸಂಸದರಾದವರಿಗೂ ಆ ಐದಾರು ದಿನಗಳಲ್ಲಿ ಬಂದ ಒತ್ತಡ ಎಂಥದಿರಬಹುದು ಎಂದು ಊಹಿಸಿ. ವಾಪಸಾತಿಯ ದಿನ ಯಾರ ಫೋನು ಎತ್ತಬೇಕು, ಯಾರದು ಬೇಡ ಎಂಬುದನ್ನು ನಾಮಪತ್ರಕ್ಕೆ ಮೊದಲೇ ಮನೆಯಲ್ಲಿ ಕೂತು ತೀರ್ಮಾನಿಸಿಕೊಳ್ಳಿ.

10. ಬೂತಿನಲ್ಲಿ ಕೂರುವವರು ಯಾರು

ಡೊಂಬಿವಲಿಯಂಥ ಚಿಕ್ಕ ಕ್ಷೇತ್ರದಲ್ಲೂ 3 ಲಕ್ಷದ ಮೇಲೆ ಮತದಾರರಿದ್ದಾರೆ, ಓವಳಾ-ಮಾಜಿವಾಡಾದಲ್ಲಿ 5 ಲಕ್ಷ ದಾಟಿದೆ. ಬೂತುಗಳು ನೂರಾರು. ಪ್ರತಿ ಬೂತಿಗೂ ಒಬ್ಬ ಏಜೆಂಟ್, ಅವರು ಊಟಕ್ಕೆ ಎದ್ದರೆ ಇನ್ನೊಬ್ಬರು. ಅದೇ ಕ್ಷೇತ್ರದ ಮತದಾರರಾಗಿರಬೇಕು. ಮತದಾನಕ್ಕೆ ಮೊದಲು ಕನಿಷ್ಠ 50 ಮತಗಳ ಅಣಕು ಮತದಾನ ನಡೆಯುವಾಗ ಹಾಜರಿರಬೇಕು, ಸಂಜೆ ಫಾರ್ಮ್ 17ಸಿಯ ಸಹಿ ಮಾಡಿದ ಪ್ರತಿ ಪಡೆದೇ ಎದ್ದೇಳಬೇಕು. ಯಾವ ಯಂತ್ರದಲ್ಲಿ ಎಷ್ಟು ಮತ ಬಿದ್ದಿದೆ ಎಂಬುದಕ್ಕೆ ನಿಮ್ಮ ಕೈಯಲ್ಲಿರುವ ಏಕೈಕ ಕಾಗದ ಅದು. ಎಣಿಕೆಯ ದಿನ ಕಂಟ್ರೋಲ್ ಯೂನಿಟ್ ತೆರೆದಾಗ ಅದರ ಜೊತೆ ಹೋಲಿಸಬೇಕು.

ಬೇಲಾಪುರದ ಲೆಕ್ಕ ನೋಡಿ. 2014ರಲ್ಲಿ ಮಂದಾ ಮ್ಹಾತ್ರೆಯವರು ಗಣೇಶ್ ನಾಯಿಕರನ್ನು ಸೋಲಿಸಿದ್ದು 1,491 ಮತಗಳಿಂದ. 2024ರಲ್ಲಿ ಅವರೇ ಸಂದೀಪ್ ನಾಯಿಕರ ಎದುರು ಗೆದ್ದದ್ದು 377 ಮತಗಳಿಂದ. ಎರಡು ದೊಡ್ಡ ಕಟ್ಟಡಗಳ ಮತ ಅಷ್ಟಾಗುತ್ತದೆ. 2019ರಲ್ಲಿ ಸೋಮವಾರ ಮತದಾನವಿದ್ದಾಗ ಡೊಂಬಿವಲಿಯಲ್ಲಿ ಮತ ಹಾಕಿದವರು ಶೇ. 40ರ ಆಸುಪಾಸು. 2024ರಲ್ಲಿ ಆಯೋಗ ಬುಧವಾರ ಇಟ್ಟಿತು, ದೊಡ್ಡ ಸೊಸಾಯಿಟಿಗಳೊಳಗೇ ಬೂತು ತೆರೆಯಿತು, ಮತದಾನ ಏರಿತು. ಸಂಬಳ ಸಹಿತ ರಜೆ ಕಾನೂನಿನಲ್ಲೇ ಇದೆ. ಹೋಟೆಲ್ ನಡೆಸುವ ನಮ್ಮವರು ಆ ದಿನ ತಮ್ಮ ಹುಡುಗರನ್ನು ಪಾಳಿಯಲ್ಲಾದರೂ ಬಿಡಬೇಕು. ಅಭ್ಯರ್ಥಿಯೇ ಹೋಗಿ ಕೇಳಿಕೊಂಡರೆ ಬಿಡುತ್ತಾರೆ.

ಮರುಎಣಿಕೆ ಬೇಕಾದರೆ ಫಲಿತಾಂಶ ಘೋಷಣೆಯ ಮುನ್ನ, ಬರವಣಿಗೆಯಲ್ಲಿ, ಕಾರಣ ಸಹಿತ ಕೇಳಬೇಕು. ಘೋಷಣೆಯಾದ ಮೇಲೆ ಚುನಾವಣಾಧಿಕಾರಿಯ ಕೈಯಲ್ಲಿ ಏನೂ ಇಲ್ಲ. ಎರಡನೆಯ, ಮೂರನೆಯ ಸ್ಥಾನದವರು ಶೇ. 5ರಷ್ಟು ಯಂತ್ರಗಳ ಪರಿಶೀಲನೆಯನ್ನು ಏಳು ದಿನಗಳೊಳಗೆ ಶುಲ್ಕ ಕಟ್ಟಿ ಕೇಳಬಹುದು ಎಂದು 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಈ ಅರ್ಜಿಗಳ ನಮೂನೆ ಎಣಿಕೆಯ ಬೆಳಿಗ್ಗೆಯೇ ಏಜೆಂಟನ ಚೀಲದಲ್ಲಿರಬೇಕು.

11. ಮರುದಿನದ ಕೆಲಸ

ಗೆದ್ದವರಿಗೆ ಹಾರ ಹಾಕಲು ಜನ ಇರುತ್ತಾರೆ. ಸೋತವರ ಮನೆಗೆ ಮರುದಿನ ಬರುವವರು ಪೆಂಡಾಲಿನವರು ಮತ್ತು ಪ್ರೆಸ್ಸಿನವರು, ಬಾಕಿಗಾಗಿ. ಖಾತೆಯಿಂದಲೇ ಚೆಕ್ಕಿನಲ್ಲಿ ತೀರಿಸಿ. ಫಲಿತಾಂಶ ಬಂದ 30 ದಿನಗಳೊಳಗೆ ಪೂರ್ತಿ ಲೆಕ್ಕ ಸಲ್ಲಿಸಬೇಕು. ಸಲ್ಲಿಸದವರನ್ನು ಆಯೋಗ ಮೂರು ವರ್ಷ ಅನರ್ಹಗೊಳಿಸಬಹುದು. ಸೋತ ಬೇಸರದಲ್ಲಿ ಪುಸ್ತಕ ಮೂಲೆಗೆ ಎಸೆದು ಮುಂದಿನ ಪಾಲಿಕೆ ಚುನಾವಣೆಯ ದಾರಿಯನ್ನೂ ಮುಚ್ಚಿಕೊಂಡ ಒಳ್ಳೆಯ ಮನುಷ್ಯರು ನನಗೆ ಗೊತ್ತು. ಚಲಾವಣೆಯಾದ ಸಿಂಧು ಮತಗಳ ಆರರಲ್ಲೊಂದು ಭಾಗಕ್ಕಿಂತ ಹೆಚ್ಚು ಬಂದಿದ್ದರೆ ಠೇವಣಿ ವಾಪಸು, ಅದಕ್ಕೆ ಅರ್ಜಿ ಹಾಕಿ.

ಆಮೇಲೆ ಫಾರ್ಮ್ 20 ತೆಗೆಸಿಕೊಳ್ಳಿ. ಪ್ರತಿ ಬೂತಿನಲ್ಲಿ ಪ್ರತಿ ಅಭ್ಯರ್ಥಿಗೆ ಬಿದ್ದ ಮತ ಅದರಲ್ಲಿರುತ್ತದೆ, ಮುಖ್ಯ ಚುನಾವಣಾಧಿಕಾರಿಯ ಜಾಲತಾಣದಲ್ಲಿ ಸಿಗುತ್ತದೆ. ನೀವು ಫಾರ್ಮ್ 6 ತುಂಬಿಸಿದ ಕಟ್ಟಡಗಳು ಯಾವ ಬೂತಿಗೆ ಬರುತ್ತವೋ ಅವನ್ನು ಒಂದು ಬಣ್ಣದಲ್ಲಿ, ಬರೀ ಸಭೆ ಮಾಡಿ ಬಂದ ಬೂತುಗಳನ್ನು ಇನ್ನೊಂದು ಬಣ್ಣದಲ್ಲಿ ಗುರುತಿಸಿ, ಎರಡರ ಅಂಕಿಗಳನ್ನೂ ಪಕ್ಕಪಕ್ಕ ಬರೆಯಿರಿ. ಕಡಿಮೆ ಬಂದ ಬೂತುಗಳಿಗೆ ಡಿಸೆಂಬರಿನಲ್ಲೇ, ಯಾವ ಚಿಹ್ನೆಯೂ ಇಲ್ಲದೆ ಒಮ್ಮೆ ಹೋಗಿ ಬನ್ನಿ.